ಇದ್ದಾಳೆಯೇ ಎಂದು ನೋಡಲು ಹೋಗುತ್ತಿದ್ದವರು

ಗೌಡರಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನಾಯಿಗೆ ಹೆದರುತ್ತಿದ್ದರು, ಬಾವಿಗೆ ಹೆದರುತ್ತಿದ್ದರು, ಹಗಲಲ್ಲಿ ಮುಚ್ಚಿಕೊಂಡಿರುವ ಬಾಗಿಲಿಗೆ ಹೆದರುತ್ತಿದ್ದರು. ತೀರಾ ನಯವಾಗಿ ಮಾತಾಡುವವರೆದುರು ಕೂತರಂತೂ ಅವರ ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು. ಇಂಥವರಿಗೆ ಸಿಕ್ಕಿದ್ದ ಕೆಲಸವೆಂದರೆ ಸಾವಾದ ಮನೆಗೆ ಹೋಗಿ ಈ ಸಾವು ಹೇಗಾಯಿತು ಎಂದು ಕೇಳುವುದು.

ಅವರ ಹೆಸರನ್ನು ಬರೆಯುವುದಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಅವರು ಗೌಡರೇ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಶಿರಾ ಕಡೆಯಿಂದ ಕೊಯಮತ್ತೂರಿಗೆ ಬಂದೆ. ನಮ್ಮ ಯಜಮಾನರಿಗೆ ಪೆರಿಯನಾಯಕನಪಾಳ್ಯಂನ ಒಂದು ಮಿಲ್ಲಿನಲ್ಲಿ ಕೆಲಸ. ನನಗೂ ಪರೀಕ್ಷೆ ಬರೆದು ಊರೊಳಗಿನ ಜೀವವಿಮೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೂರಿಸಿದ್ದು ಕ್ಲೇಮು ವಿಭಾಗದಲ್ಲಿ. ಪಾಲಿಸಿ ಮಾಡಿಸಿದ ಸ್ವಲ್ಪ ಕಾಲಕ್ಕೇ ಯಾರಾದರೂ ಸತ್ತರೆ ಅದನ್ನು ವಿಚಾರಿಸಿ ವರದಿ ಕೊಡುವವರು ಗೌಡರು. ನನಗೆ ಆಗ ತಮಿಳು ಬರುತ್ತಿರಲಿಲ್ಲ. ಮೊದಲ ದಿನ ಮಂಕಾಗಿ ಕೂತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತು: “ಏನ್ ಅಮ್ಮಣಿ, ಮೈಸೂರು ಕಡೆಯವಳಾ? ನಮ್ದೂ ಕನ್ನಡಾನೇ. ಆನಾ ಓದಕ್ ಬರದು.”

ಹೆಣ್ಣುಮಕ್ಕಳನ್ನು ಆ ಕಡೆ ಅಕ್ಕರೆಯಿಂದ ಅಮ್ಮಣಿ ಎನ್ನುತ್ತಾರೆ. ‘ಆನಾ’ ಎಂದರೆ ತಮಿಳಿನ ‘ಆದರೆ’. ಅವರ ಮನೆತನ ಎಷ್ಟೋ ತಲೆಮಾರಿನಿಂದ ಮೇಟ್ಟುಪಾಳ್ಯಂ ರಸ್ತೆಯಲ್ಲಿ ಬೇಸಾಯ ಮಾಡಿಕೊಂಡು ಬಂದದ್ದು. ಕನ್ನಡ ಅಡುಗೆಮನೆಯಲ್ಲಿ ಮಾತ್ರ ಉಳಿದಿತ್ತು, ಅದೂ ತಮಿಳಿನ ರಾಗದಲ್ಲಿ.

ಅವರ ಹೆದರಿಕೆಯ ಕತೆಗಳು ಆಫೀಸಿಗೆಲ್ಲ ತಮಾಷೆ. ಒಮ್ಮೆ ಪಲ್ಲಡಂ ಕಡೆಯ ಹಳ್ಳಿಗೆ ಒಬ್ಬ ರೈತನ ಸಾವನ್ನು ವಿಚಾರಿಸಲು ಹೋಗಿದ್ದರಂತೆ. ದಾರಿಯಲ್ಲಿ ಎಮ್ಮೆ ಮೇಯಿಸುತ್ತಿದ್ದವನನ್ನು ಇಂಥವರ ಮನೆ ಎಲ್ಲಿ ಎಂದು ಕೇಳಿದರೆ ಅವನು, “ನಾನೇ ಅದು, ಏನ್ ಬೇಕು?” ಎಂದನಂತೆ. ಸತ್ತವನೇ ಎದುರಿಗೆ ನಿಂತು ಬೀಡಿ ಹಚ್ಚಿದ್ದನ್ನು ಕಂಡು ಗೌಡರು ಬಸ್ಸಿಗೂ ಕಾಯದೆ ನಡೆದೇ ಹೊರಟು, ಮನೆಗೆ ಬಂದು ಜ್ವರ ಹಿಡಿದು ಮಲಗಿದರು. ಸುಳ್ಳು ಸಾವು ಹಿಡಿದದ್ದಕ್ಕೆ ಮೇಲಿನವರು ಮೆಚ್ಚಿದರೆ ಅವರಿಗೆ ಅದು ಸೇರಲೇ ಇಲ್ಲ. “ಬದುಕಿರೋನನ್ನ ಕಂಡು ಬಯ ಬಿದ್ದೆನಲ್ಲಾ ಅಮ್ಮಣಿ, ಏನ್ ವೇಲೆ, ಏನ್ ಕೆಲ್ಸ ಇದು!” ಎಂದು ನನ್ನ ಹತ್ತಿರ ಕೊರಗಿದರು.

ಯಾರ ಮನೆಗೆ ಹೋದರೂ ಚಪ್ಪಲಿಯನ್ನು ರಸ್ತೆಯ ಕಡೆ ಮುಖ ಮಾಡಿ ಬಿಡುತ್ತಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಆದರೆ ಇಂಥ ಮನುಷ್ಯನೇ ಒಂದು ಸಲ, ಗಂಡನಿಗೆ ವಿಷ ಹಾಕಿದಳೆಂದು ಊರೆಲ್ಲ ಬೈಯುತ್ತಿದ್ದ ಹೆಂಗಸಿನ ಪರವಾಗಿ, ಅದು ಹಾವೇ ಕಚ್ಚಿದ್ದು ಎಂದು ಮೂರು ಊರು ಅಲೆದು ಸಾಕ್ಷಿ ತಂದಿದ್ದರು. ಆಗಲೂ ಹೆದರಿಕೊಂಡೇ ತಂದಿದ್ದರು.

ಹೆಂಗಸರ ಸಾವಾದರೆ ಅವರು ನನ್ನನ್ನೂ ಕರೆದುಕೊಂಡು ಹೋಗುವುದು ರೂಢಿಯಾಯಿತು. ಮನೆಯ ಹೆಣ್ಣುಮಕ್ಕಳು ಗಂಡಸರ ಎದುರು ಬಾಯಿ ಬಿಡುವುದಿಲ್ಲ ಎಂದು. ಹಾಗೆ ಹೋದ ಮನೆಗಳಲ್ಲಿ ಒಂದು ಊರಿನ ಗಣಪತಿ ಎಂಬ ಬಡಾವಣೆಯಲ್ಲಿತ್ತು.

ಗಣಪತಿಯೆಂದರೆ ಬೀದಿಗೊಂದು ಪಂಪುಸೆಟ್ಟಿನ ಕಾರ್ಖಾನೆ, ಕಬ್ಬಿಣದ ಪುಡಿಯ ವಾಸನೆ. ಆ ಮನೆಯೂ ಹಾಗೆಯೇ. ಮುಂದೆ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ವರ್ಕ್‌ಶಾಪು, ಹಿಂದೆ ಎರಡು ಕೋಣೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ವರ್ಕ್‌ಶಾಪಿನವನಿಗೆ ಮೂವತ್ತರ ಆಚೀಚೆ ವಯಸ್ಸು. ಮೂಲ ನೇಕಾರರ ಮನೆತನದ, ಕನ್ನಡ ಮಾತಾಡುವವನು. ಅವನ ಹೆಂಡತಿ ಬಟ್ಟೆ ಒಣಹಾಕುವಾಗ, ಮೋಟಾರಿನ ತಂತಿ ತಗುಲಿ ಕರೆಂಟು ಹರಿಯುತ್ತಿದ್ದ ಕಬ್ಬಿಣದ ಸರಿಗೆಯನ್ನು ಮುಟ್ಟಿ ಸತ್ತಿದ್ದಳು. ಪಾಲಿಸಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಪೊಲೀಸರು ಆಕಸ್ಮಿಕ ಎಂದು ಬರೆದು ಮುಗಿಸಿದ್ದರು.

ಅವನು ನಮಗೆ ಕುರ್ಚಿ ಹಾಕಿದ. ಹುಡುಗನನ್ನು ಕಳಿಸದೆ ತಾನೇ ಅಂಗಡಿಗೆ ಹೋಗಿ ಬಣ್ಣದ ಸೋಡಾ ತಂದ. “ಸಾರ್, ನಾನು ಆವತ್ತು ಊರಲ್ಲೇ ಇಲ್ಲ. ಇದ್ದಿದ್ರೆ ಬಿಡ್ತಿದ್ನಾ? ಮಗು ಅನಾತೆ ಆಗೋಯ್ತು” ಎಂದು ಕಣ್ಣೊರೆಸಿಕೊಂಡ. ಅವನ ಮಾತು ಎಷ್ಟು ಮೆತ್ತಗಿತ್ತೆಂದರೆ, ಗೌಡರ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದು ನನಗೆ ಕಾಣಿಸಿತು. ಅವರು ಸೋಡಾ ಮುಟ್ಟಲಿಲ್ಲ. “ಅಮ್ಮಣಿ, ನೀನು ಒಳಗೆ ಹೋಗಿ ಮಗೂನ ಮಾತಾಡ್ಸಿ ಬಾ” ಎಂದರು.

ಒಳಗೆ ಹದಿನೆಂಟು ಹತ್ತೊಂಬತ್ತರ ಹುಡುಗಿಯೊಬ್ಬಳು ಮಗುವಿಗೆ ಇಡ್ಲಿ ತಿನ್ನಿಸುತ್ತಿದ್ದಳು. ಕೊರಳಲ್ಲಿ ಹೊಸ ತಾಳಿ. ಸತ್ತವಳ ತಂಗಿ. ಮಗುವನ್ನು ನೋಡಿಕೊಳ್ಳಲು ಇನ್ಯಾರು ಎಂದು ಸಿರುಮುಗೈಯಲ್ಲಿದ್ದ ತಂದೆ ಇವಳನ್ನೇ ಇದೇ ಮನೆಗೆ ಕೊಟ್ಟಿದ್ದ. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅವಳಿಗೆ ಸಂತೋಷವಾಯಿತು.

“ಅಕ್ಕ ಹೋದಾಗ ನಾನು ಊರಲ್ಲಿ ಸೀರೆ ನೇಯ್ತಿದ್ದೆ. ಸುದ್ದಿ ಕೇಳಿ ಮಗ್ಗದಿಂದ ಎದ್ದು ಬಂದೋಳು ತಿರ್ಗಿ ಕೂರ್ಲೇ ಇಲ್ಲ” ಎಂದಳು.

“ಇಲ್ಲಿ ಹೇಗಿದೀಯಮ್ಮಾ?”

“ಮಾಮ ಒಳ್ಳೇವ್ರೇ. ಹೋದ ವಾರ ಡಾಕ್ಟ್ರನ್ನೇ ಮನೆಗೆ ಕರ್ಕಂಬಂದು ನನ್ಗೆ ತೋರ್ಸಿದ್ರು. ನನ್ಗೆ ಒಂದು ನೋವಿಲ್ಲ, ಜ್ವರ ಇಲ್ಲ. ತೂಕ ನೋಡಿದ್ರು, ಎದೆ ಅಳ್ದ್ರು, ಕೆಮ್ಮು ಅಂದ್ರು. ನನ್ಗೆ ಸಿರಿಪ್ಪು, ನಗು ತಡಿಯಕ್ಕಾಗ್ಲಿಲ್ಲ. ಅಕ್ಕನಿಗೂ ಹಂಗೇ ತೋರ್ಸಿದ್ರಂತೆ. ಯಾವ ಗಂಡಸು ಇಷ್ಟು ನೋಡ್ಕತ್ತಾನೆ, ಹೇಳ್ರಿ?”

ಯಾವ ಕಾಯಿಲೆಯೂ ಇಲ್ಲದವರ ತೂಕ ನೋಡಿ ಎದೆ ಅಳೆಯುವ ಡಾಕ್ಟರು ಯಾಕೆ ಬರುತ್ತಾರೆಂದು ಆ ಕಚೇರಿಯಲ್ಲಿ ಕೂರುವ ಯಾರಿಗಾದರೂ ಗೊತ್ತು: ಅವರ ಮೇಲೆ ಪಾಲಿಸಿ ಮಾಡಿಸುವ ಮುಂಚೆ. ಹೊರಗೆ ಅವನ ಮೆತ್ತನೆಯ ದನಿ ಕೇಳುತ್ತಲೇ ಇತ್ತು. ಹಿತ್ತಲ ಕಡೆ ನೋಡಿದೆ. ಅದೇ ಕಂಬಗಳಿಗೆ ಹೊಸ ಸರಿಗೆ ಕಟ್ಟಿದ್ದರು. ಅದರ ಮೇಲೆ ಮಗುವಿನ ಚಡ್ಡಿಗಳು ಒಣಗುತ್ತಿದ್ದವು.

ರಸ್ತೆಗೆ ಬಂದ ಮೇಲೆ ಗೌಡರಿಗೆ ಹೇಳಿದೆ. ಅವರು ಒಂದು ವಿದ್ಯುತ್ ಕಂಬ ಹಿಡಿದುಕೊಳ್ಳಲು ಹೋಗಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು ಚರಂಡಿಯ ಕಟ್ಟೆಯ ಮೇಲೆ ಕುಸಿದರು.

“ಆ ಪೊಣ್ಣಿಗೆ, ಆ ಹುಡುಗಿಗೆ ಹೇಳಿದ್ಯಾ?”

“ಏನಂತ ಹೇಳಲಿ ಗೌಡ್ರೇ? ನಿನ್ನ ಗಂಡ ನಿನ್ನನ್ನ ಕೊಲ್ತಾನೆ ಅಂತಲೇ? ನಮಗೆ ಗೊತ್ತೇ?”

“ಗೊತ್ತಿಲ್ಲ” ಎಂದರು. “ಗೊತ್ತಿಲ್ಲದ್ದೇ ಬಯ. ಅವ್ನು ನಿಜವಾಗ್ಲೂ ಒಳ್ಳೇವ್ನೇ ಇರ್ಬೋದು. ಇಲ್ಲ ಅಂದ್ರೆ ಸತ್ತೋಳ ವಿಚಾರ ಮಾಡ್ತಾ ನಾವು ಇವ್ಳನ್ನ ಬಿಟ್ಟು ಬಂದ ಹಂಗಾಯ್ತದೆ.”

ಕಚೇರಿಯಲ್ಲಿ ಹೇಳಿ ಆ ಹುಡುಗಿಯ ಮೇಲಿನ ಹೊಸ ಪಾಲಿಸಿಯನ್ನು ಅವರು ತಡೆಸಿದರು. ಸತ್ತವಳ ಕ್ಲೇಮಿಗೆ ಸಂಶಯ ತೀರಿಲ್ಲ ಎಂದು ಬರೆದರು. ಅವರ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. “ನಮ್ಮ ಆಫೀಸು ಬೇಡ ಅಂದ್ರೆ ಇನ್ನೊಂದು ಊರಿನ ಆಫೀಸಲ್ಲಿ ಮಾಡ್ಕೊಡ್ತಾರೆ” ಎಂದು ಗೊಣಗುತ್ತ ಒಂದು ಭಾನುವಾರ ನನ್ನನ್ನು ಸಿರುಮುಗೈಗೆ ಹೊರಡಿಸಿದರು.

ಹುಡುಗಿಯ ತಂದೆ ಭವಾನಿ ನದಿಯ ದಂಡೆಗೆ ಹತ್ತಿರದ ಓಣಿಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಸಣ್ಣ ಆಳು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದ. ಗೌಡರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದರು. ಅವನು ಮಗ್ಗ ನಿಲ್ಲಿಸಿ ಕೇಳಿಸಿಕೊಂಡ.

“ಸಾಮೀ, ಒಬ್ಳನ್ನ ಕಳ್ಕಂಡಿದೀನಿ. ಇನ್ನೊಬ್ಳನ್ನ ಕರ್ಕಂಬಂದು ಮನೇಲಿ ಇಟ್ಕಂಡ್ರೆ ಊರು ಏನಂತದೆ? ಇನ್ನೊಂದು ಹೆಣ್ಣು ಮದ್ವೆಗೆ ನಿಂತದೆ. ನೀವು ಹೇಳದು ಸುಳ್ಳಾದ್ರೆ?”

“ಸುಳ್ಳಾದ್ರೆ ನನ್ನ ಚಪ್ಪಲೀಲೇ ನನ್ಗೆ ಹೊಡೀರಿ. ನಿಜ ಆದ್ರೆ?”

ಅವನು ಲಾಳಿಯ ಹಗ್ಗ ಎಳೆದ. ಮಗ್ಗ ಸದ್ದು ಮಾಡತೊಡಗಿತು. ಗೌಡರು ಇನ್ನೂ ಏನೋ ಹೇಳುತ್ತಿದ್ದರು. ಅವನು ಜೋರಾಗಿ, ಇನ್ನೂ ಜೋರಾಗಿ ನೇಯುತ್ತ ಹೋದ. ಅವನಿಗೂ ಹೆದರಿಕೆಯೇ. ಕೇಳಿಸಿಕೊಂಡರೆ ಏನಾದರೂ ಮಾಡಬೇಕಾಗುತ್ತದಲ್ಲ ಎಂಬ ಹೆದರಿಕೆ.

ಮುಂದಿನ ತಿಂಗಳು ಗೌಡರು ಗಣಪತಿಗೆ ಹೋಗಿ ಗೇಟಿನ ಹತ್ತಿರ ನಿಂತು ಆ ಹುಡುಗಿಯನ್ನು ಹೊರಗೆ ಕರೆಸಿದರು. ವರ್ಕ್‌ಶಾಪಿನವನಿಗೆ, “ಕ್ಲೇಮು ಇತ್ಯರ್ಥ ಆಗೋವರೆಗೂ ಮನೇಲಿರೋರನ್ನ ತಿಂಗಳಿಗೊಮ್ಮೆ ಖುದ್ದಾಗಿ ನೋಡ್ಬೇಕು, ನಮ್ಮ ಕಾನೂನು” ಎಂದರು. ಅಂಥ ಕಾನೂನು ಎಲ್ಲಿಯೂ ಇಲ್ಲ. ಹುಡುಗಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. “ಊಟ ಆಯ್ತಾ ಅಮ್ಮಣಿ?” ಎಂದರು. ಆಯ್ತು ಎಂದಳು. “ಶರಿ” ಎಂದು ವಾಪಸಾದರು. ಅಷ್ಟೇ. ಅದರ ಮುಂದಿನ ತಿಂಗಳೂ ಹೋದರು. ಅದರ ಮುಂದಿನ ತಿಂಗಳೂ.

ನಾನು ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಬಸ್ಸಿಳಿದು ಆ ಬೀದಿಗೆ ತಿರುಗುವ ಹೊತ್ತಿಗೆ ಅವರ ಮಾತು ನಿಂತುಹೋಗುತ್ತಿತ್ತು. ತುಟಿ ಒಣಗುತ್ತಿತ್ತು. ಗೇಟಿನ ಹತ್ತಿರ ನಿಂತು ಕೂಗಿದ ಮೇಲೆ ಅವಳು ಬರುವವರೆಗಿನ ಆ ಸ್ವಲ್ಪ ಹೊತ್ತು ಇದೆಯಲ್ಲ, ಅದನ್ನು ನಾನು ಈಗಲೂ ಮರೆತಿಲ್ಲ. ಬಾಗಿಲ ಕತ್ತಲೆಯಲ್ಲಿ ಸೀರೆಯ ಬಣ್ಣ ಕಂಡಾಗ ಗೌಡರ ಉಸಿರು ಹೊರಗೆ ಬರುತ್ತಿತ್ತು.

ಅಂಥ ಕಾನೂನಿಲ್ಲ ಎಂದು ವರ್ಕ್‌ಶಾಪಿನವನಿಗೆ ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಒಂದು ದಿನ ಗೇಟಿಗೆ ಅಡ್ಡ ನಿಂತ. ಕೈಯಲ್ಲಿ ತಾಮ್ರದ ತಂತಿಯ ಸುರುಳಿ ಇತ್ತು. ಅದೇ ಮೆತ್ತನೆಯ ದನಿಯಲ್ಲಿ, “ಏನ್ ಸಾರ್, ನನ್ನ ಮನೆಗೆ ಕಾವಲಾ? ರಸ್ತೇಲಿ ಲಾರಿಗಳು ಜಾಸ್ತಿ. ವಯಸ್ಸಾದೋರು. ನೋಡ್ಕಂಡು ಹೋಗ್ರಿ” ಎಂದ. ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಆದರೂ, “ಆ ಪೊಣ್ಣನ್ನ ಕರಿಯಪ್ಪಾ, ನೋಡ್ಕಂಡೇ ಹೋಗ್ತೀನಿ” ಎಂದರು. ಒಳಗಿನಿಂದ ಅವಳೇ ಬಂದಳು.

ಅವನು ಕಚೇರಿಗೆ ದೂರು ಕೊಟ್ಟ. ತನ್ನ ಹೆಂಡತಿಯನ್ನು ನೋಡಲು ಮುದುಕ ಬರುತ್ತಾನೆ ಎಂಬ ಅಸಹ್ಯದ ದೂರು. ಮ್ಯಾನೇಜರು ಗೌಡರನ್ನು ಕರೆಸಿ ಎಲ್ಲರಿಗೂ ಕೇಳುವ ಹಾಗೆ ಗದರಿದರು.

“ಅಲ್ಲಿಗೆ ಹೋಗೋಕೆ ನಿಮಗೆ ಯಾವ ಅಧಿಕಾರ ಇದೆ?”

“ಅಧಿಕಾರ ಇಲ್ಲ ಸಾರ್. ಬಯ ಇದೆ.”

ಆಮೇಲೆ ಬಹಳ ದಿನ ಆಫೀಸಿನ ಹುಡುಗರು ಆ ಮಾತನ್ನು ಆಡಿಕೊಂಡು ನಕ್ಕರು. ನನ್ನ ಹೆಸರೂ ಅದರಲ್ಲಿ ಸೇರಿ, ನಮ್ಮ ಯಜಮಾನರು ಇನ್ನು ಹೋಗಬೇಡ ಎಂದರು. ನಾನು ಕೆಲವು ತಿಂಗಳು ಹೋಗಲಿಲ್ಲ. ಗೌಡರು ರಜೆ ಹಾಕಿ, ಬಿಳಿ ಪಂಚೆಯುಟ್ಟು, ಕಚೇರಿಯವರಾಗಿ ಅಲ್ಲದೆ ಬರಿಯ ಮನುಷ್ಯನಾಗಿ ಹೋಗಿ ನಿಲ್ಲುತ್ತಿದ್ದರು.

ಕ್ಲೇಮಿನ ಹಣಕ್ಕಾಗಿ ನಡೆದ ದಾವೆಯಲ್ಲಿ ವರ್ಷಗಳ ನಂತರ ನ್ಯಾಯಾಲಯ ವರ್ಕ್‌ಶಾಪಿನವನ ಪರವಾಗಿಯೇ ತೀರ್ಪು ಕೊಟ್ಟಿತು. ಸಂಶಯ ಸಾಕ್ಷಿಯಾಗುವುದಿಲ್ಲ ಎಂದಿತು. ಸರಿಯೇ. ಗೌಡರೂ ಅದನ್ನು ತಪ್ಪೆನ್ನಲಿಲ್ಲ. ಆದರೆ ಅವನಿಗೆ ಆ ಹಣ ಸಿಕ್ಕಿದ್ದು ಕೇಳಿ ನಿದ್ದೆ ಬಿಟ್ಟರು. “ಒಂದ್ಸಲ ಸಿಕ್ಕಿದೋನಿಗೆ ದಾರಿ ಗೊತ್ತಾಯ್ತು ಅಮ್ಮಣಿ” ಎಂದು ವಾರಕ್ಕೊಮ್ಮೆ ಹೋಗತೊಡಗಿದರು. ನಾನೂ ಮತ್ತೆ ಜೊತೆಯಾದೆ.

ಅಂಥ ಒಂದು ಭಾನುವಾರ ಕೂಗಿದರೆ ಯಾರೂ ಬರಲಿಲ್ಲ. ವರ್ಕ್‌ಶಾಪಿಗೆ ಬೀಗ. ಹಿತ್ತಲ ಸರಿಗೆ ಖಾಲಿ. ಅಕ್ಕಪಕ್ಕದವರು ಮುಖ ತಿರುಗಿಸಿಕೊಂಡರು. ಗೌಡರು ಗೇಟಿನ ಸಲಾಕೆ ಹಿಡಿದು ಮಗುವಿನ ಹಾಗೆ ಮತ್ತೆ ಮತ್ತೆ ಕೂಗಿದರು. ಎದುರು ಮನೆಯ ಮುದುಕಿ ಕೊನೆಗೆ, “ಎರಡು ದಿನ ಆಯ್ತು, ಜಗಳ. ಆಮೇಲೆ ಕಾಣ್ಲಿಲ್ಲ” ಎಂದಳು.

ಸಿರುಮುಗೈವರೆಗಿನ ಆ ಬಸ್ಸಿನ ದಾರಿಯನ್ನು ನಾನು ಬಣ್ಣಿಸಲಾರೆ. ಮುಂದಿನ ಸೀಟಿನ ಕಂಬಿ ಹಿಡಿದ ಗೌಡರ ಬೆರಳುಗಳಲ್ಲಿ ರಕ್ತವೇ ಇರಲಿಲ್ಲ. ನದಿಯ ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡರು.

ಓಣಿಗೆ ತಿರುಗಿದರೆ ಆ ಮನೆಯಿಂದ ಮಗ್ಗದ ಸದ್ದು. ತಂದೆ ಜಗಲಿಯ ಮೇಲೆ ಕೂತಿದ್ದ. ಹಾಗಾದರೆ ನೇಯುತ್ತಿರುವವರು ಯಾರು? ಗೌಡರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು. ಅವಳೇ ಇದ್ದಳು. ಪಕ್ಕದಲ್ಲಿ ಅಕ್ಕನ ಮಗು ನೂಲಿನ ಕಂಡಿಕೆ ಉರುಳಿಸಿ ಆಡುತ್ತಿತ್ತು.

“ಅಯ್ಯಾ, ನೀವು ಬರ್ತೀರ ಅಂತ ಗೊತ್ತಿತ್ತು” ಎಂದಳು. ಮಗ್ಗ ನಿಲ್ಲಿಸಿ ಎದ್ದಳು. “ಮೊದ್ಲು ನನ್ಗೆ ಏನೂ ಬಯ ಇರ್ಲಿಲ್ಲ. ನೀವು ತಿಂಗ್ಳು ತಿಂಗ್ಳು ಬಂದು ಮುಖ ನೋಡಿ, ಊಟ ಆಯ್ತಾ ಅಂತ ಹೋಗ್ತಿದ್ರಿ. ಯಾಕ್ ಬರ್ತಾರೆ ಇವ್ರು, ನಾನು ಇದೀನೋ ಇಲ್ವೋ ಅಂತ ಯಾಕ್ ನೋಡ್ತಾರೆ ಅಂತ ಯೋಚ್ನೆ ಮಾಡಿದೆ. ಆಮೇಲೆ ನನ್ಗೂ ಬಯ ಬಂತು. ಸರಿಗೆ ಮುಟ್ಟಕ್ಕೆ ಬಯ, ಅವ್ರು ಹಿಂದೆ ಬಂದು ನಿಂತ್ರೆ ಬಯ. ಮೊನ್ನೆ ಹೊಸ ಮೋಟಾರು ತಂದು ಹಿತ್ಲಲ್ಲಿ ಇಟ್ರು. ಸ್ವಿಚ್ ಹಾಕು ಅಂದ್ರು. ನೀವೇ ಹಾಕ್ರಿ ಅಂದೆ. ಹೊಡೆದ್ರು. ಮಗೂನ ಕರ್ಕಂಡು ಬಂದ್ಬಿಟ್ಟೆ.”

ತಂದೆ ಬಾಗಿಲಲ್ಲಿ ಬಂದು ನಿಂತಿದ್ದ. ಗೌಡರ ಮುಖ ನೋಡಲಿಲ್ಲ. “ಇನ್ ಕಳ್ಸಲ್ಲ ಸಾಮೀ” ಎಂದ. ಗೌಡರು ಅಲ್ಲೇ ಗೋಡೆಗೊರಗಿ ಕೂತು ಅತ್ತುಬಿಟ್ಟರು. ಆ ಮೋಟಾರಿನಲ್ಲಿ ಏನಾದರೂ ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದೂ ಬೇಕಿರಲಿಲ್ಲ.

ಅದಾದ ಮೇಲೆ ಅವರು ನಿವೃತ್ತರಾದರು. ಎದೆನೋವು ಶುರುವಾಗಿತ್ತು. ಪೆರಿಯನಾಯಕನಪಾಳ್ಯಂನಲ್ಲಿ ನಮ್ಮ ಮನೆಗೆ ಅವರ ಮನೆ ದೂರವಿರಲಿಲ್ಲ. ಸಂಜೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಒಂದು ದಿನ, “ಅವ್ನು ಗಣಪತಿ ಬಿಟ್ಟು ತಿರುಪ್ಪೂರಿಗೆ ಹೋದ್ನಂತೆ. ಬನಿಯನ್ ಕಾರ್ಖಾನೆ ಮೋಟಾರು ರಿಪೇರಿ ಅಂಗಡಿ. ತಿರ್ಗ ಮದ್ವೆ ಆದ್ನಂತೆ” ಎಂದರು. ಬೇಡ ಗೌಡ್ರೇ, ನಿಮ್ಮ ಆರೋಗ್ಯ ಸರಿಯಿಲ್ಲ ಎಂದೆ. “ಆಮಾ, ಹೌದು, ಸರಿ ಇಲ್ಲ. ಭಾನುವಾರ ಬರ್ತೀಯಾ?” ಎಂದರು.

ತಿರುಪ್ಪೂರಿನ ಆ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂತಿದ್ದವಳು ನಲವತ್ತರ ಗಟ್ಟಿ ಹೆಂಗಸು. ತಮಿಳಿನವಳು. ಅಂಗಡಿ ಅವಳದೇ, ತೀರಿಕೊಂಡ ಮೊದಲ ಗಂಡ ಬಿಟ್ಟುಹೋದದ್ದು. ವರ್ಕ್‌ಶಾಪಿನವನು ಸಾಮಾನು ತರಲು ಹೋಗಿದ್ದ. ಗೌಡರು ಹಳೆಯ ಪರಿಚಯ ಎಂದು ಹೇಳಿ, ತಡವರಿಸುತ್ತ, ಮನೆಗೆ ಯಾರಾದರೂ ಡಾಕ್ಟರು ಬಂದಿದ್ದರೇ ಎಂದು ಕೇಳಿದರು. ಅವಳು ಹೊಟ್ಟೆ ಹಿಡಿದು ನಕ್ಕಳು.

“ಬಂದಿದ್ದರು! ನನ್ನ ಮೇಲೆ ಪಾಲಿಸಿ ಮಾಡಿಸೋಕೆ ಹೊರಟಿದ್ದ. ನನಗ್ಯಾಕಪ್ಪಾ, ದುಡಿಯೋನು ನೀನು, ನಿನ್ನ ಮೇಲೆ ಮಾಡಿಸು ಅಂದೆ. ಕೂರಿಸಿ ಮಾಡಿಸಿಯೇ ಬಿಟ್ಟೆ.”

ಗೌಡರ ಮುಖ ಅರಳಿತು. ಹೊರಡುವಾಗ ಮಾತಿಗೆಂದು ಮೊದಲಿನ ಯಜಮಾನರು ಏನಾಗಿ ಹೋದರಮ್ಮಾ ಎಂದು ಕೇಳಿದರು.

“ಅವರಾ? ಚೆನ್ನಾಗೇ ಇದ್ದರು. ಹಠಾತ್ತಾಗಿ ಹೋಗಿಬಿಟ್ಟರು” ಎಂದು ಅವಳು ಒಳಗೆ ಯಾರನ್ನೋ ಕೂಗಿ ಎದ್ದು ಹೋದಳು.

ವಾಪಸು ಬರುವ ಬಸ್ಸಿನಲ್ಲಿ ಗೌಡರು ಮೊದಲು ನಗುತ್ತಿದ್ದರು. ಅವಿನಾಶಿ ದಾಟುವ ಹೊತ್ತಿಗೆ ನಗು ನಿಂತಿತು. ಕಿಟಕಿಯಾಚೆ ನೋಡುತ್ತ ಕೂತರು. ನಾನು ಏನೆಂದು ಕೇಳಿದೆ.

“ಅಮ್ಮಣಿ, ಈಗ ಪಾಲಿಸಿ ಅವ್ನ ಮೇಲಿದೆ. ಅವ್ನ ಗತಿ ಏನು?”

“ಯಾರದು? ಆ ರಾಕ್ಷಸನದಾ?”

“ಅವ್ನದೂ ಜೀವಾನೇ ಅಲ್ವಾ?” ಎಂದರು. ಅವರ ದನಿಯಲ್ಲಿ ಇದ್ದದ್ದು ಅದೇ ಹೆದರಿಕೆ.

ಮುಂದಿನ ತಿಂಗಳು ಮತ್ತೆ ಹೋದೆವು. ಅವನು ಅಂಗಡಿಯ ಮುಂದೆ ಮೋಟಾರು ಬಿಚ್ಚುತ್ತ ಕೂತಿದ್ದ. ತಲೆ ಅರ್ಧ ನರೆತಿತ್ತು. ನಮ್ಮನ್ನು ಕಂಡವನೇ ಎದ್ದು ನಿಂತ. ಮೊದಲಿನ ಮೆತ್ತನೆಯ ದನಿ ಇರಲಿಲ್ಲ.

“ತಿರ್ಗಾ ಬಂದ್ರಾ? ಈಗ ಯಾರನ್ನ ನೋಡಕ್ ಬಂದ್ರಿ?”

ಗೌಡರು ಎದೆ ಮೇಲೆ ಕೈ ಇಟ್ಟುಕೊಂಡು ಉಸಿರು ತೆಗೆದುಕೊಂಡರು. “ನಿನ್ನನ್ನೇ ಕಣಪ್ಪಾ” ಎಂದರು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗಡಿಯೊಳಗೆ ಅವಳು ಯಾರೊಂದಿಗೋ ಜೋರಾಗಿ ವ್ಯಾಪಾರದ ಮಾತಾಡುತ್ತಿದ್ದಳು. ಅವನು ಒಮ್ಮೆ ತಿರುಗಿ ಆ ಕಡೆ ನೋಡಿದ. ಆಮೇಲೆ ಒಂದು ಸ್ಟೂಲು ಎಳೆದು ಅಂಗಿಯ ತುದಿಯಿಂದ ಒರೆಸಿ ಗೌಡರ ಮುಂದೆ ಇಟ್ಟ.